ಪಿ ಅಂದರೆ ಪಾಪಾ

ಬುರೇಲಾದ ಬಂದರಿನಲ್ಲಿ ನಮ್ಮ ಹಡಗಿನ ಯಂತ್ರ ಕೆಟ್ಟು
ಹನ್ನೊಂದು ದಿನ.
ಅಡುಗೆಯವನಿಗೆ ಅಲ್ಲೇನು ಕೆಲಸ?
ಬಲೆ ಹೊಲಿಯುವ ಎರ್ಮಿಂದಾಳ ಬಾಗಿಲಲ್ಲಿ ಕೂತು
ಬೆಳ್ಳುಳ್ಳಿ ಸುಲಿಯುತ್ತಿದ್ದೆ.

ಆಕೆಯ ತಲೆಯ ಮೇಲೆ ಮೊಳೆಗೆ ಸಿಕ್ಕಿಸಿದ ಬಾವುಟ:
ನೀಲಿ ಬಟ್ಟೆ, ನಡುವೆ ಬಿಳಿ ಚೌಕ,
ಯಾರೋ ಇರುಳಿಗೊಂದು ಕಿಟಕಿ ಕೊರೆದು
ಮುಚ್ಚಲು ಮರೆತ ಹಾಗೆ.

"ಅದು ಬಟ್ಟೆಯಲ್ಲ, ಅಕ್ಷರ," ಅಂದಳು. "ಪಿ."
ಕಡಲಿನವರು ಅಕ್ಷರ ಬರೆಯುವುದಿಲ್ಲ, ಏರಿಸುತ್ತಾರೆ;
ಓದುವವನು ಎರಡು ಮೈಲಿ ಆಚೆ,
ಕಣ್ಣಲ್ಲಿ ಉಪ್ಪು ತುಂಬಿಕೊಂಡು.

ದಡದಲ್ಲಿ ಏರಿದರೆ ಅದಕ್ಕೆ ಒಂದೇ ಮಾತು:
ಹೊರಟೆವು, ಬನ್ನಿ, ಎಲ್ಲರೂ ಹತ್ತಿ.
ಆಗ ಹೆಂಡದಂಗಡಿಯ ಫುಕೋ ಸಾಲದ ಚೀಟಿ ಹಿಡಿದು ಓಡುತ್ತಾನೆ,
ಕ್ಷೌರದ ಕುರ್ಚಿಯಿಂದ ಅರ್ಧ ಗಡ್ಡ ಎದ್ದು ನಿಲ್ಲುತ್ತದೆ,
ಹೇಳಬೇಕಾದ್ದನ್ನು ಮೂರು ದಿನ ತಡೆದಿಟ್ಟ ಹೆಂಗಸು
ಉಣ್ಣೆಯ ಕಾಲುಚೀಲವನ್ನಷ್ಟೇ ಕೈಗಿತ್ತು
ಮನೆಗೆ ಹೋಗುತ್ತಾಳೆ.

ಅದೇ ಬಟ್ಟೆ ನಡುಗಡಲಲ್ಲಿ ಏರಿದರೆ
ನನ್ನ ಬಲೆ ಸಿಕ್ಕಿಕೊಂಡಿದೆ ಎಂದು.
ಬಂಡೆಗೋ, ಮುಳುಗಿದ ಹಡಗಿನ ಪಕ್ಕೆಲುಬಿಗೋ,
ಹೆಸರೇ ಇಲ್ಲದ ಇನ್ಯಾವುದಕ್ಕೋ.
ಎಳೆದರೆ ಹರಿಯುತ್ತದೆ.
ಬಿಟ್ಟರೆ ಒಂದು ವರ್ಷದ ಅನ್ನ.

"ಹೊರಟೆ ಅನ್ನಲಿಕ್ಕೂ, ಹೊರಡಲಾರೆ ಅನ್ನಲಿಕ್ಕೂ
ಒಂದೇ ಅಕ್ಷರವೇ?"
ಆಕೆ ಹಲ್ಲಿನಿಂದ ದಾರ ಕಡಿದಳು.
"ಬಟ್ಟೆ ದುಬಾರಿ," ಅಂದಳು.

ರೇಡಿಯೋದಲ್ಲಾದರೆ ಗಾಳಿ ಅಕ್ಷರಗಳನ್ನು ತಿನ್ನುತ್ತದೆ.
ಪಿ ಅಂದದ್ದು ಬಿ ಆಗಿ, ಬಿ ಅಂದದ್ದು ಡಿ ಆಗಿ ಬರುತ್ತದೆ.
ಅದಕ್ಕೇ ಒಂದೊಂದು ಅಕ್ಷರಕ್ಕೂ ಒಂದೊಂದು ಪದವನ್ನು
ದಪ್ಪ ಕೋಟಿನಂತೆ ತೊಡಿಸಿ ಕಳಿಸುತ್ತಾರೆ.
ಪಿಗೆ ಸಿಕ್ಕ ಕೋಟು: ಪಾಪಾ.

ಎರ್ಮಿಂದಾಳಿಗೆ ಆರು ವರ್ಷ.
ಒಲೆಯ ಮೇಲಿನ ಹಲಗೆಯಲ್ಲಿ ರೇಡಿಯೋ,
ಕೊರಕೊರದ ನಡುವೆ ಅಪ್ಪ ಅಮಾರೋನ ದನಿ:
ಪಾಪಾ. ಪಾಪಾ. ಪಾಪಾ.
ಅವಳ ಊರಿನಲ್ಲಿ ಅಪ್ಪನಿಗೂ ಅದೇ ಹೆಸರು.
ಅಪ್ಪ ಅಪ್ಪನನ್ನೇ ಯಾಕೆ ಕರೆಯುತ್ತಿದ್ದಾನೆ,
ಕಳೆದುಹೋಗಿದ್ದಾನೆಯೇ?
ಸ್ಟೂಲು ಹತ್ತಿ, ಪೆಟ್ಟಿಗೆಯ ಜಾಲರಿಗೆ ಬಾಯಿಟ್ಟು
"ನೀನು ಅಲ್ಲೇ ಇದ್ದೀಯ!" ಅಂತ ಕೂಗಿದಳು.
ಅಮ್ಮ ತಿದ್ದಲಿಲ್ಲ. ಆಲೂಗಡ್ಡೆ ಹೆಚ್ಚುತ್ತಲೇ ಇದ್ದಳು,
ನಾಲ್ಕು ಜನಕ್ಕೆ ಸಾಕಾದ ಮೇಲೂ.

ಮೂರು ದಿನ ತಡವಾಗಿ ಬಂದ.
ಅಂಗೈಯಲ್ಲಿ ಚರ್ಮವಿರಲಿಲ್ಲ. ಬಲೆಯೂ ಇರಲಿಲ್ಲ.
"ಅದು ಈಗಲೂ ಅಲ್ಲೇ ಇದೆ," ಅಂದಳು,
"ಮೀನು ಹಿಡಿಯುತ್ತಾ. ಯಾರಿಗೂ ಅಲ್ಲದೆ."

ನಾನು ಬೆಳ್ಳುಳ್ಳಿ ಕೆಳಗಿಟ್ಟೆ.
ನನ್ನ ಹರಕು ಸ್ಪ್ಯಾನಿಷಿನಲ್ಲಿ ಹೇಳಿದೆ:
ನಮ್ಮ ಕಡೆ ಪಾಪ ಅಂದರೆ ಮಾಡಬಾರದ್ದನ್ನು ಮಾಡುವುದು.
ಏನೂ ಮಾಡದೆ ಪೆಟ್ಟು ತಿಂದವನನ್ನು ಕಂಡರೂ
ಪಾಪ ಅಂತಲೇ ಅನ್ನುತ್ತೇವೆ.
ತೊಟ್ಟಿಲ ಕೂಸೂ ಪಾಪವೇ.

"ಒಂದೇ ಪದವೇ?" ಅಂದಳು.
ನಾನು ಯಾವತ್ತೂ ಯೋಚಿಸಿರಲಿಲ್ಲ.
"ಕೆಲವೊಮ್ಮೆ ಮುಂದೊಂದು ಅಯ್ಯೋ ಇರುತ್ತದೆ."
"ಇಲ್ಲದಿದ್ದರೆ?"
"ಇಲ್ಲದಿದ್ದರೆ... ಹೇಳಿದವರ ಮುಖ ನೋಡಬೇಕು."
"ಸರಿ," ಅಂದಳು, "ಬಂದರೋ ಕಡಲೋ ನೋಡಿದ ಹಾಗೆ."

ಹನ್ನೆರಡನೆಯ ದಿನ ಬಿಸಿಲು.
ಎರ್ಮಿಂದಾ ಬಾವುಟ ಒಗೆದು
ಅಂಗಳದ ತಂತಿಗೆ ಹಾಕಿದಳು,
ದಿಂಬಿನ ಚೀಲಗಳ, ಗಂಡನ ಬನಿಯನ್ನಿನ ನಡುವೆ.
ಗಾಳಿ ಅದನ್ನೊಂದನ್ನೇ ಆರಿಸಿ ಎತ್ತಿತು.

ಕೇಪ್ ವರ್ಡೆಯ ಹುಡುಗ ಅಡೆರಿಟೋ,
ಮೊನ್ನೆಯಷ್ಟೇ ದೋಣಿಗೆ ಸೇರಿದವನು,
ಬೆಟ್ಟದ ಬೀದಿಯಿಂದ ದಡಬಡ ಇಳಿದು ಬಂದ,
ಬಾಯಲ್ಲಿ ಬ್ರೆಡ್ಡು, ಬಗಲಲ್ಲಿ ಚೀಲ,
ಒಂದೇ ಕಾಲಿಗೆ ಬೂಟು.
ಮೇಲಿನ ಕಿಟಕಿಯಲ್ಲಿ ಒಬ್ಬಳು ಇನ್ನೊಂದನ್ನು ಬೀಸುತ್ತಿದ್ದಳು.

"ಯಾರೂ ಹೊರಟಿಲ್ಲವೋ!"
ಎರ್ಮಿಂದಾ ಕೂಗಿದಳು, ಕ್ಲಿಪ್ಪು ಕಚ್ಚಿದ ಹಲ್ಲಿನ ಸಂದಿಯಿಂದ,
"ಒದ್ದೆಯಾಗಿದೆ, ಅಷ್ಟೇ!"

ಅವನು ನಿಂತ. ಬಾವುಟ ನೋಡಿದ.
ನೀರು ತೊಟ್ಟಿಕ್ಕುತ್ತಿದ್ದುದನ್ನು ನೋಡಿದ.
ಆಮೇಲೆ, ನಂಬಿಕೆ ಸಾಲದೆ,
ದೋಣಿ ಇದೆಯೇ ಎಂದು
ನೋಡಲು ಹೋದ.